ಹದಿಹರೆಯದವರ ವೈಜ್ಞಾನಿಕ ಕಾದಂಬರಿಗಳಲ್ಲಿ ಪ್ರೌಢ ವಸ್ತು

ಹದಿಹರೆಯದವರ ವೈಜ್ಞಾನಿಕ ಕಾದಂಬರಿಗಳಲ್ಲಿ ಪ್ರೌಢ ವಸ್ತು ಎಂಬ ಮಾತು, ಸುಮಾರು 12ರಿಂದ 18 ವರ್ಷದ ಓದುಗರಿಗಾಗಿ ಬರೆದ ವಿಜ್ಞಾನಾಧಾರಿತ ಕಾಲ್ಪನಿಕ ಕಾದಂಬರಿಗಳಲ್ಲಿ ಬರುವ ಸಾವು, ಹಿಂಸೆ, ಲೈಂಗಿಕತೆ, ಮಾದಕವಸ್ತು, ಪ್ರಭುತ್ವದ ಕ್ರೌರ್ಯ ಮೊದಲಾದ ವಿಷಯಗಳನ್ನು ಸೂಚಿಸುತ್ತದೆ. ಇಂಥ ವಿಷಯಗಳನ್ನು ಎಳೆಯರ ಕೈಗೆ ಕೊಡಬಹುದೇ, ಕೊಡುವುದಾದರೆ ಯಾವ ವಯಸ್ಸಿಗೆ, ಯಾವ ರೀತಿಯಲ್ಲಿ ಎಂಬ ಚರ್ಚೆ ಪ್ರಕಾಶಕರು, ಗ್ರಂಥಪಾಲಕರು, ಶಿಕ್ಷಕರು ಮತ್ತು ಪೋಷಕರ ನಡುವೆ 1940ರ ದಶಕದಿಂದಲೂ ನಡೆದುಬಂದಿದೆ. ಚರ್ಚೆ ಹೆಚ್ಚಾಗಿ ಅಮೆರಿಕ ಮತ್ತು ಇಂಗ್ಲೆಂಡಿನ ಕೃತಿಗಳ ಸುತ್ತ ಬೆಳೆದಿದ್ದರೂ, ಆ ಕೃತಿಗಳು ಇಂದು ಕರ್ನಾಟಕದ ವಿದ್ಯಾರ್ಥಿಗಳ ಕೈಯಲ್ಲಿಯೂ ಇರುವುದರಿಂದ ಕನ್ನಡ ಓದುಗರಿಗೂ ಅದು ಸಂಬಂಧಪಟ್ಟ ವಿಷಯವಾಗಿದೆ.

ಪರಿಭಾಷೆ

ಇಂಗ್ಲಿಷಿನಲ್ಲಿ 'ಯಂಗ್ ಅಡಲ್ಟ್' ಎಂದು ಕರೆಯುವ ವರ್ಗಕ್ಕೆ ಕನ್ನಡದಲ್ಲಿ 'ಹದಿಹರೆಯದವರ ಸಾಹಿತ್ಯ', 'ಕಿಶೋರ ಸಾಹಿತ್ಯ' ಎಂಬ ಹೆಸರುಗಳು ಬಳಕೆಯಲ್ಲಿವೆ. ಈ ವರ್ಗ ಮೊದಲಿಗೆ ಗ್ರಂಥಾಲಯಗಳ ಅನುಕೂಲಕ್ಕಾಗಿ ಹುಟ್ಟಿದ್ದು. ಅಮೆರಿಕದ ಗ್ರಂಥಾಲಯ ಸಂಘವು 1957ರಲ್ಲಿ ಈ ವಯೋಮಾನದ ಓದುಗರ ಸೇವೆಗೆಂದೇ ಒಂದು ಪ್ರತ್ಯೇಕ ವಿಭಾಗವನ್ನು ರಚಿಸಿತು. ಪ್ರಕಾಶಕರು ಅದನ್ನು ಮಾರುಕಟ್ಟೆಯ ಹೆಸರನ್ನಾಗಿ ಮಾಡಿಕೊಂಡದ್ದು ಆಮೇಲೆ.

'ಪ್ರೌಢ' ಎಂಬ ಶಬ್ದದ ವಿಷಯದಲ್ಲಿ ಕನ್ನಡದಲ್ಲೊಂದು ವಿಶೇಷವಿದೆ. ಇಂಗ್ಲಿಷಿನ 'ಅಡಲ್ಟ್' ಎಂಬುದು ಹದಿನೆಂಟು ದಾಟಿದವರನ್ನು ಸೂಚಿಸಿದರೆ, ಕನ್ನಡಿಗರು ಎಂಟರಿಂದ ಹತ್ತನೆಯ ತರಗತಿಯವರೆಗಿನ ಶಾಲೆಯನ್ನೇ ಪ್ರೌಢಶಾಲೆ ಎನ್ನುತ್ತಾರೆ. ಹದಿಮೂರು ತುಂಬಿದ ಮಗುವನ್ನು ಒಂದು ಬಗೆಯಲ್ಲಿ ಪ್ರೌಢನೆಂದು ಭಾಷೆ ಒಪ್ಪಿಕೊಂಡಿದೆ; ಪುಸ್ತಕದ ವಿಷಯ ಬಂದಾಗ ಮಾತ್ರ ಸಮಾಜ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತದೆ. ಈ ಲೇಖನದಲ್ಲಿ 'ಪ್ರೌಢ ವಸ್ತು' ಎಂಬುದನ್ನು ಅಶ್ಲೀಲ ಎಂಬ ಅರ್ಥದಲ್ಲಿ ಬಳಸಿಲ್ಲ. ಓದುಗನ ವಯಸ್ಸು ಮತ್ತು ಅನುಭವಕ್ಕೆ ಭಾರವಾಗಬಹುದೆಂದು ಹಿರಿಯರು ಶಂಕಿಸುವ ವಿಷಯ ಎಂಬಷ್ಟೇ ಇದರ ಅರ್ಥ.

ವೈಜ್ಞಾನಿಕ ಕಾದಂಬರಿ ಮತ್ತು ಪ್ರೌಢ ವಸ್ತು

ಸಾವು, ಪ್ರೇಮ, ಹಿಂಸೆಗಳು ಎಲ್ಲ ಬಗೆಯ ಕಾದಂಬರಿಗಳಲ್ಲಿಯೂ ಬರುತ್ತವೆ. ವೈಜ್ಞಾನಿಕ ಕಾದಂಬರಿಯಲ್ಲಿ ಅವು ಬರುವ ಕಾರಣ ಸ್ವಲ್ಪ ಬೇರೆ. ವಾಸ್ತವವಾದಿ ಕಾದಂಬರಿಯಲ್ಲಿ ಒಬ್ಬ ಹುಡುಗನ ಸಾವು ಒಂದು ಕುಟುಂಬದ ದುರಂತವಾಗಿರುತ್ತದೆ. ವೈಜ್ಞಾನಿಕ ಕಾದಂಬರಿಯಲ್ಲಿ ಅದೇ ಸಾವು ಒಂದು ಕಾನೂನಿನ, ಒಂದು ಯಂತ್ರದ, ಒಂದು ವ್ಯವಸ್ಥೆಯ ಫಲವಾಗಿರುತ್ತದೆ. 'ಇಂಥದೊಂದು ತಂತ್ರಜ್ಞಾನ ಸಾಧ್ಯವಾದರೆ ಸಮಾಜ ತನ್ನ ಮಕ್ಕಳನ್ನು ಹೇಗೆ ನಡೆಸಿಕೊಂಡೀತು?' ಎಂಬ ಪ್ರಶ್ನೆಯ ಮೇಲೆ ಕಥೆ ನಿಂತಿರುವಾಗ, ಉತ್ತರ ಭಯಾನಕವಾಗಿದ್ದರೆ ಆ ಭಯವೇ ಕಥೆಯ ವಾದವಾಗುತ್ತದೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಬಾಹ್ಯಾಕಾಶ ನೌಕೆ ಮತ್ತು ಯಂತ್ರಮಾನವರ ಅಲಂಕಾರ ಮಾತ್ರ. ಹಾಗೆಂದು ಈ ಪ್ರಕಾರದಲ್ಲಿ ಬರುವ ಎಲ್ಲ ಕ್ರೌರ್ಯಕ್ಕೂ ಈ ಸಮರ್ಥನೆ ಸಲ್ಲುವುದಿಲ್ಲ. ಮಾರಾಟಕ್ಕಾಗಿಯೇ ರಕ್ತ ಸುರಿಸುವ ಪುಸ್ತಕಗಳಿಗೆ ಕೊರತೆಯಿಲ್ಲ.

ಆರಂಭದ ಘಟ್ಟ

ಅಮೆರಿಕದ ರಾಬರ್ಟ್ ಹೈನ್‌ಲೈನ್ 1947ರಿಂದ 1958ರವರೆಗೆ ಸ್ಕ್ರಿಬ್ನರ್ಸ್ ಪ್ರಕಾಶನಕ್ಕಾಗಿ ಬಾಲಕರ 12 ವೈಜ್ಞಾನಿಕ ಕಾದಂಬರಿಗಳನ್ನು ಬರೆದರು. ಇವುಗಳ ಸಂಪಾದಕಿ ಆಲಿಸ್ ಡಾಲ್ಗ್ಲೀಶ್. ಪುಸ್ತಕಗಳನ್ನು ಕೊಳ್ಳುವವರು ಹೆಚ್ಚಾಗಿ ಶಾಲಾ ಗ್ರಂಥಪಾಲಕರಾಗಿದ್ದುದರಿಂದ ಅವರು ಒಪ್ಪುವಂತಿರಬೇಕು ಎಂಬುದು ಆಕೆಯ ನಿಲುವು. 1949ರ 'ರೆಡ್ ಪ್ಲಾನೆಟ್' ಕಾದಂಬರಿಯಲ್ಲಿ ಮಂಗಳಗ್ರಹದ ಬಾಲಕರು ಬಂದೂಕು ಹಿಡಿದು ತಿರುಗುವುದು ಲೇಖಕ ಮತ್ತು ಸಂಪಾದಕಿಯ ನಡುವೆ ದೊಡ್ಡ ಜಗಳಕ್ಕೆ ಕಾರಣವಾಯಿತು. 1959ರಲ್ಲಿ 'ಸ್ಟಾರ್‌ಶಿಪ್ ಟ್ರೂಪರ್ಸ್' ಹಸ್ತಪ್ರತಿಯನ್ನು ಸ್ಕ್ರಿಬ್ನರ್ಸ್ ತಿರಸ್ಕರಿಸಿದಾಗ ಆ ಸಂಬಂಧವೇ ಮುಗಿಯಿತು. ಕಾದಂಬರಿ ಬೇರೆ ಪ್ರಕಾಶನದಿಂದ ಹೊರಬಂದು ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. 1963ರ 'ಪಾಡ್‌ಕೇನ್ ಆಫ್ ಮಾರ್ಸ್' ಕಾದಂಬರಿಯಲ್ಲಿ ಹೈನ್‌ಲೈನ್ ಮೊದಲು ಬರೆದ ಅಂತ್ಯದ ಪ್ರಕಾರ ನಾಯಕಿ ಸಾಯುತ್ತಾಳೆ. ಪ್ರಕಾಶಕರ ಒತ್ತಾಯಕ್ಕೆ ಮಣಿದು ಅವರು ಅವಳನ್ನು ಬದುಕಿಸಿದರು. ಎರಡೂ ಅಂತ್ಯಗಳನ್ನು ಒಟ್ಟಿಗೆ ಕೊಟ್ಟ ಆವೃತ್ತಿ ಬಂದದ್ದು 1993ರಲ್ಲಿ, ಲೇಖಕರು ತೀರಿಕೊಂಡ ಐದು ವರ್ಷಗಳ ನಂತರ.

ಯಾವುದು 'ಎಳೆಯರಿಗೆ ಹಾನಿಕರ' ಎಂಬ ತೀರ್ಮಾನದಲ್ಲಿ ಕಾಲದ ಪೂರ್ವಗ್ರಹ ಎಷ್ಟು ಬೆರೆತಿರುತ್ತದೆ ಎಂಬುದಕ್ಕೆ ಚಿತ್ರಕಥೆಗಳ ಕ್ಷೇತ್ರದಿಂದ ಒಂದು ಉದಾಹರಣೆ ಸಾಕು. ಅಮೆರಿಕದಲ್ಲಿ 1954ರಲ್ಲಿ ಚಿತ್ರಕಥಾ ಪುಸ್ತಕಗಳಿಗೆ ನೀತಿಸಂಹಿತೆ ಬಂದಿತು. ವರ್ಣಭೇದವನ್ನು ವಿರೋಧಿಸುವ 'ಜಡ್ಜ್‌ಮೆಂಟ್ ಡೇ' ಎಂಬ ಬಾಹ್ಯಾಕಾಶ ಕಥೆಯನ್ನು 1956ರ ಸಂಚಿಕೆಯಲ್ಲಿ ಮರುಮುದ್ರಿಸಲು ಹೊರಟಾಗ, ಕೊನೆಯ ಚೌಕದಲ್ಲಿ ಕಾಣಿಸಿಕೊಳ್ಳುವ ಗಗನಯಾತ್ರಿ ಕಪ್ಪು ವರ್ಣದವನೆಂಬುದಕ್ಕೇ ಸಂಹಿತೆಯ ಅಧಿಕಾರಿ ಆಕ್ಷೇಪಿಸಿದರು. ಪ್ರಕಾಶಕರು ಮಣಿಯದೆ ಹಾಗೆಯೇ ಮುದ್ರಿಸಿದರು.

'ಫ್ಯಾರನ್‌ಹೀಟ್ 451' ಪ್ರಸಂಗ

ರೇ ಬ್ರಾಡ್ಬರಿಯವರ 'ಫ್ಯಾರನ್‌ಹೀಟ್ 451' (1953) ಪುಸ್ತಕಗಳನ್ನು ಸುಡುವುದೇ ಅಗ್ನಿಶಾಮಕರ ಕೆಲಸವಾಗಿರುವ ಭವಿಷ್ಯದ ಕಥೆ. ಇದು ವಯಸ್ಕರಿಗಾಗಿ ಬರೆದದ್ದಾದರೂ ಅಮೆರಿಕದ ಪ್ರೌಢಶಾಲೆಗಳಲ್ಲಿ ಬೇಗನೆ ಪಠ್ಯವಾಯಿತು. 1967ರಲ್ಲಿ ಬ್ಯಾಲಂಟೈನ್ ಪ್ರಕಾಶನವು ಶಾಲೆಗಳಿಗೆಂದು ಬೇರೆ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ ಸುಮಾರು 75 ಕಡೆ ಪಠ್ಯವನ್ನು ಬದಲಿಸಲಾಗಿತ್ತು. ಬೈಗುಳಗಳು ಹೋದವು, ಗರ್ಭಪಾತದ ಉಲ್ಲೇಖ ಹೋಯಿತು, ಕುಡಿದು ಬಿದ್ದಿದ್ದ ಮನುಷ್ಯ ಕಾಯಿಲೆಯವನಾದ. ತಿದ್ದಿದ ಪ್ರತಿ ಎಂಬ ಸೂಚನೆ ಪುಸ್ತಕದಲ್ಲೆಲ್ಲೂ ಇರಲಿಲ್ಲ. ಕೆಲಕಾಲ ಎರಡು ಆವೃತ್ತಿಗಳೂ ಜೊತೆಯಾಗಿ ಮಾರಾಟವಾದವು. 1973ರಿಂದ ಮುಂದಕ್ಕೆ ವಯಸ್ಕ ಓದುಗರಿಗೂ ಆ ಪ್ರಕಾಶನದಿಂದ ಸಿಗುತ್ತಿದ್ದುದು ಈ ಕತ್ತರಿಸಿದ ಪ್ರತಿಯೇ.

ಸಂಗತಿ ಲೇಖಕರ ಗಮನಕ್ಕೆ ಬಂದದ್ದು ವಿದ್ಯಾರ್ಥಿಗಳಿಂದ. ಪುಸ್ತಕ ಸುಡುವುದನ್ನು ಖಂಡಿಸುವ ಪುಸ್ತಕವೇ ಹೀಗೆ ಸದ್ದಿಲ್ಲದೆ ಕತ್ತರಿಗೆ ಸಿಕ್ಕಿದೆಯೆಂದು ಅವರು ಬ್ರಾಡ್ಬರಿಗೆ ಬರೆದು ತಿಳಿಸಿದರು. 1979ರಲ್ಲಿ ಬ್ರಾಡ್ಬರಿ ಪ್ರತಿಭಟಿಸಿ ಬರೆದ ಮೇಲೆ ಮೂಲ ಪಠ್ಯ ಮರಳಿ ಬಂದಿತು. ಯಾರ ಎಳೆಯ ಮನಸ್ಸನ್ನು ಕಾಪಾಡಲೆಂದು ತಿದ್ದುಪಡಿ ನಡೆಯಿತೋ, ಆ ವಯಸ್ಸಿನ ಓದುಗರೇ ಎರಡು ಪ್ರತಿಗಳನ್ನು ಹೋಲಿಸಿ ನೋಡುವಷ್ಟು ಜಾಗರೂಕರಾಗಿದ್ದರು ಎಂಬುದು ಈ ಪ್ರಸಂಗದ ಗಮನಾರ್ಹ ಅಂಶ.

ಕೃತಿಗಳಲ್ಲಿ ಪ್ರೌಢ ವಸ್ತುವಿನ ನಿರ್ವಹಣೆ

ಲೋಯಿಸ್ ಲೌರಿಯವರ 'ದಿ ಗಿವರ್' (1993) ಮುಂದಿನ ವರ್ಷ ನ್ಯೂಬೆರಿ ಪದಕ ಪಡೆಯಿತು. ಅದೇ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಸಾಲಿಗೂ ಸೇರಿತು. ನೋವು, ಬಣ್ಣ, ನೆನಪು ಯಾವುದೂ ಇಲ್ಲದ ಶಾಂತ ಸಮುದಾಯದಲ್ಲಿ ಜೋನಸ್ ಎಂಬ ಹನ್ನೆರಡರ ಬಾಲಕ ಬೆಳೆಯುತ್ತಾನೆ. ಅಲ್ಲಿ ವೃದ್ಧರನ್ನೂ ಬೆಳವಣಿಗೆ ಕುಂದಿದ ಶಿಶುಗಳನ್ನೂ 'ಬಿಡುಗಡೆ' ಮಾಡಲಾಗುತ್ತದೆ. ಆ ಪದದ ಅರ್ಥವೇನೆಂದು ಕಥೆಯ ಬಹುಭಾಗ ಹುಡುಗನಿಗೂ ತಿಳಿದಿಲ್ಲ, ಓದುಗನಿಗೂ ಹೇಳುವುದಿಲ್ಲ. ಕೊನೆಗೆ ಒಂದು ಧ್ವನಿದೃಶ್ಯ ಮುದ್ರಿಕೆಯಲ್ಲಿ, ತನ್ನ ಸ್ವಂತ ತಂದೆ ಅವಳಿ ಶಿಶುಗಳಲ್ಲಿ ತೂಕ ಕಡಿಮೆಯಿರುವುದಕ್ಕೆ ಚುಚ್ಚುಮದ್ದು ಕೊಟ್ಟು ಕೊಲ್ಲುವುದನ್ನು ಜೋನಸ್ ಕಾಣುತ್ತಾನೆ. ಆಕ್ಷೇಪಿಸಿದ ಪೋಷಕರು ಹೆಚ್ಚಾಗಿ ಬೆರಳು ಮಾಡಿದ್ದು ಈ ಪುಟಗಳಿಗೆ. ಆದರೆ ಈ ದೃಶ್ಯ ತೆಗೆದರೆ ಜೋನಸ್ ಊರು ಬಿಟ್ಟು ಓಡುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಲೈಂಗಿಕತೆಯೂ ಇಲ್ಲಿ ಇದೇ ಬಗೆಯಲ್ಲಿ ಬರುತ್ತದೆ: ಹರೆಯದ ಮೊದಲ ಕನಸು ಬಿದ್ದ ಕೂಡಲೇ ಮಕ್ಕಳಿಗೆ ಪ್ರತಿದಿನ ಮಾತ್ರೆ ನುಂಗಿಸುವ ಸಮಾಜವದು. ಸೂಚನೆ ಅಷ್ಟೇ, ವರ್ಣನೆಯಿಲ್ಲ.

ನೀಲ್ ಶಸ್ಟರ್‌ಮನ್‌ರ 'ಅನ್‌ವೈಂಡ್' (2007) ಕಾದಂಬರಿಯಲ್ಲಿ 13ರಿಂದ 18 ವರ್ಷದೊಳಗಿನ ಮಕ್ಕಳನ್ನು ಅವರ ಪೋಷಕರು ಅಂಗಾಂಗ ದಾನಕ್ಕೆ ಒಪ್ಪಿಸಬಹುದೆಂಬ ಕಾನೂನಿದೆ. ದೇಹದ ಎಲ್ಲ ಭಾಗಗಳೂ ಬೇರೆಯವರಲ್ಲಿ ಬದುಕಿರುವುದರಿಂದ ಅದು ಕೊಲೆಯಲ್ಲ ಎಂಬುದು ಆ ಸಮಾಜದ ತರ್ಕ. ಒಬ್ಬ ಹುಡುಗ ಎಚ್ಚರದಲ್ಲಿರುವಾಗಲೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಅಧ್ಯಾಯ ಈ ಪ್ರಕಾರದ ಅತ್ಯಂತ ಭಯಂಕರ ಪುಟಗಳಲ್ಲಿ ಒಂದು. ಅಲ್ಲಿ ರಕ್ತದ ವರ್ಣನೆ ಇಲ್ಲ. ದಾದಿ ಮೃದುವಾಗಿ ಮಾತನಾಡಿಸುತ್ತಾಳೆ, ಹುಡುಗ ಉತ್ತರಿಸುತ್ತ ಹೋಗುತ್ತಾನೆ, ಉತ್ತರಿಸುವವನು ಕಡಿಮೆಯಾಗುತ್ತ ಹೋಗುತ್ತಾನೆ. ಹಿಂಸೆಯ ಪ್ರಮಾಣವನ್ನು ರಕ್ತದ ಹನಿಗಳಿಂದ ಅಳೆಯುವ ಯಾವ ಪಟ್ಟಿಗೂ ಈ ಅಧ್ಯಾಯ ಸಿಗಲಾರದು.

ಸುಝಾನ್ ಕಾಲಿನ್ಸ್‌ರ 'ದಿ ಹಂಗರ್ ಗೇಮ್ಸ್' (2008) ಮತ್ತು ಅದರ ಮುಂದಿನ ಎರಡು ಭಾಗಗಳು (2009, 2010) ಈ ಚರ್ಚೆಯನ್ನು ಜಗತ್ತಿನಾದ್ಯಂತ ಹರಡಿದವು. 12ರಿಂದ 18 ವರ್ಷದ 24 ಮಕ್ಕಳನ್ನು ಚೀಟಿಯೆತ್ತಿ ಆರಿಸಿ, ಒಬ್ಬರು ಉಳಿಯುವವರೆಗೆ ಪರಸ್ಪರ ಕೊಲ್ಲುವಂತೆ ಬಿಟ್ಟು, ಅದನ್ನು ದೂರದರ್ಶನದಲ್ಲಿ ಪ್ರಸಾರ ಮಾಡುವುದು ಇದರ ವಸ್ತು. ಜಪಾನಿನ ಕೌಶುನ್ ತಕಾಮಿಯವರ 'ಬ್ಯಾಟಲ್ ರಾಯಲ್' (1999) ಇದಕ್ಕೂ ಮೊದಲೇ ಇಂಥದೇ ಕಥೆಯನ್ನು ವಯಸ್ಕರಿಗಾಗಿ, ಇನ್ನೂ ಕ್ರೂರವಾಗಿ ಹೇಳಿತ್ತು. ಮೂರನೆಯ ಭಾಗದಲ್ಲಿ ಹಿಂದೊಮ್ಮೆ ಗೆದ್ದ ಫಿನಿಕ್ ಎಂಬ ಯುವಕನನ್ನು ಅಧ್ಯಕ್ಷನೇ ಶ್ರೀಮಂತರಿಗೆ ಮಾರುತ್ತಿದ್ದನೆಂಬ ಸಂಗತಿ ಹೊರಬರುತ್ತದೆ. ಲೈಂಗಿಕ ಶೋಷಣೆಯ ಈ ವಿಷಯ ಕೆಲವೇ ವಾಕ್ಯಗಳಲ್ಲಿ ಬಂದುಹೋಗುತ್ತದೆ. ಹನ್ನೆರಡರ ಓದುಗ ಗಮನಿಸದೆ ದಾಟಬಹುದು, ಹದಿನಾರರವನು ದಾಟಲಾರ. ಒಂದೇ ಪುಸ್ತಕವನ್ನು ಎರಡು ವಯಸ್ಸಿಗೆ ಬರೆಯುವ ಈ ವಿಧಾನವನ್ನು ನುರಿತ ಲೇಖಕರು ಹಲವರು ಅನುಸರಿಸಿದ್ದಾರೆ. 2012ರಲ್ಲಿ ಈ ಕೃತಿ ಚಲನಚಿತ್ರವಾದಾಗ, 12 ವರ್ಷದವರಿಗೆ ಪ್ರವೇಶ ಸಿಗುವ ಪ್ರಮಾಣಪತ್ರಕ್ಕಾಗಿ ಬ್ರಿಟನ್ನಿನಲ್ಲಿ ಏಳು ಸೆಕೆಂಡುಗಳಷ್ಟು ರಕ್ತದ ದೃಶ್ಯವನ್ನು ತೆಗೆಯಲಾಯಿತು. ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆ ಹಾಗೆಯೇ ಉಳಿಯಿತು.

ಇನ್ನು ಕೆಲವು ಕೃತಿಗಳನ್ನು ಇಲ್ಲಿ ಹೆಸರಿಸಬಹುದು. ನ್ಯಾನ್ಸಿ ಫಾರ್ಮರ್‌ರ 'ದಿ ಹೌಸ್ ಆಫ್ ದಿ ಸ್ಕಾರ್ಪಿಯನ್' (2002) ಅಫೀಮು ದೊರೆಯೊಬ್ಬನ ಅಂಗಾಂಗಗಳಿಗಾಗಿ ಬೆಳೆಸಿದ ತದ್ರೂಪಿ ಬಾಲಕನ ಕಥೆ. ಎಂ. ಟಿ. ಆಂಡರ್‌ಸನ್‌ರ 'ಫೀಡ್' (2002) ಮಿದುಳಿಗೇ ಜಾಹೀರಾತು ಹರಿಯುವ ಕಾಲವನ್ನು ಚಿತ್ರಿಸುತ್ತದೆ. ಅದರ ವಿರುದ್ಧದ ದೂರು ಮುಖ್ಯವಾಗಿ ಒರಟು ಭಾಷೆಯ ಬಗ್ಗೆ, ಆದರೆ ಭಾಷೆ ಕೆಡುವುದೇ ಅಲ್ಲಿ ಕಥಾವಸ್ತು. ಆರ್ಸನ್ ಸ್ಕಾಟ್ ಕಾರ್ಡ್‌ರ 'ಎಂಡರ್ಸ್ ಗೇಮ್' (1985) ವಯಸ್ಕರ ಕಾದಂಬರಿಯಾಗಿ ಬಂದು ಶಾಲೆಗಳ ಕಪಾಟಿಗೆ ಸರಿಯಿತು. ಭಾರತೀಯ ಇಂಗ್ಲಿಷಿನಲ್ಲಿ ಅನಿಲ್ ಮೆನನ್‌ರ 'ದಿ ಬೀಸ್ಟ್ ವಿತ್ ನೈನ್ ಬಿಲಿಯನ್ ಫೀಟ್' (2009) ಭವಿಷ್ಯದ ಪುಣೆಯಲ್ಲಿ ನಡೆಯುವ, ಜೈವಿಕ ತಂತ್ರಜ್ಞಾನದ ರಾಜಕೀಯವನ್ನು ಹದಿಹರೆಯದವರಿಗಾಗಿ ಹೇಳುವ ಕಾದಂಬರಿ.

ಆಕ್ಷೇಪಣೆಗಳು ಮತ್ತು ಉತ್ತರಗಳು

'ದಿ ಹಂಗರ್ ಗೇಮ್ಸ್' 2010, 2011 ಮತ್ತು 2013ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ 'ಅತಿ ಹೆಚ್ಚು ಆಕ್ಷೇಪಿತ ಹತ್ತು ಪುಸ್ತಕ'ಗಳ ಪಟ್ಟಿಯಲ್ಲಿತ್ತು. ಹಿಂಸೆಯ ಜೊತೆಗೆ ಕುಟುಂಬವಿರೋಧ, ಧರ್ಮವಿರೋಧದಂತಹ ಕಾರಣಗಳನ್ನೂ ದೂರುದಾರರು ಕೊಟ್ಟಿದ್ದರು. 2011ರ ಜೂನ್‌ನಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಲ್ಲಿ ಮೇಗನ್ ಕಾಕ್ಸ್ ಗರ್ಡನ್ ಹದಿಹರೆಯದವರ ಸಾಹಿತ್ಯ ಅತಿಯಾಗಿ ಕರಾಳವಾಗುತ್ತಿದೆಯೆಂದು ಬರೆದಾಗ ದೊಡ್ಡ ವಾಗ್ವಾದವೇ ನಡೆಯಿತು. ಕಷ್ಟದ ಬಾಲ್ಯವನ್ನು ಕಂಡವರಿಗೆ ಇಂಥ ಪುಸ್ತಕಗಳು ಆಸರೆಯಾಗುತ್ತವೆ ಎಂದು ಲೇಖಕ ಶೆರ್ಮನ್ ಅಲೆಕ್ಸಿ ಉತ್ತರಿಸಿದರು.

ನ್ಯಾಯಾಲಯದವರೆಗೆ ಹೋದ ಪ್ರಕರಣಗಳೂ ಇವೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿ ಗ್ರಂಥಾಲಯದಿಂದ ತೆಗೆಸಿದ ಪುಸ್ತಕಗಳಲ್ಲಿ ಕರ್ಟ್ ವಾನಗಟ್‌ರ 'ಸ್ಲಾಟರ್‌ಹೌಸ್ ಫೈವ್' ಸೇರಿತ್ತು. 1982ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ವಿಚಾರಗಳು ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂಬ ಕಡೆಗೆ ವಾಲಿತು.

ಪೋಷಕರ ಆತಂಕವನ್ನು ಹಳೆಯ ಕಾಲದ ಸಂಕುಚಿತತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹನ್ನೆರಡು ಮತ್ತು ಹದಿನೆಂಟು ವರ್ಷಗಳ ನಡುವೆ ಏಳನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅಂತರವಿದೆ. ಈ ಇಡೀ ಅವಧಿಗೆ ಒಂದೇ ಹಣೆಪಟ್ಟಿ ಅಂಟಿಸುವುದು ಪ್ರಕಾಶಕರ ಅನುಕೂಲಕ್ಕೇ ಹೊರತು ಓದುಗರ ಅನುಕೂಲಕ್ಕಲ್ಲ. ಆತ್ಮಹತ್ಯೆಯನ್ನು ಘನತೆಯ ದಾರಿಯೆಂಬಂತೆ ಚಿತ್ರಿಸುವ ಕಥೆ, ಬಲಾತ್ಕಾರವನ್ನು ಪ್ರೇಮವೆಂಬಂತೆ ತೋರಿಸುವ ಕಥೆ ಖಂಡಿತವಾಗಿಯೂ ಪ್ರಶ್ನಾರ್ಹ. ಪ್ರಶ್ನೆ ಕೇಳಬೇಕಾದದ್ದು ಪುಸ್ತಕದಲ್ಲಿ ಏನಿದೆ ಎಂಬುದನ್ನಷ್ಟೇ ಅಲ್ಲ. ಇರುವುದನ್ನು ಕಥೆ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಪುಸ್ತಕವನ್ನು ಪೂರ್ತಿ ಓದದೆ ಗತ್ಯಂತರವಿಲ್ಲ. ಗೆರೆ ಹಾಕಿದ ಎರಡು ಪುಟಗಳ ನಕಲು ಹಿಡಿದು ಬರುವ ದೂರು ಸಾಮಾನ್ಯವಾಗಿ ಈ ಹಂತದಲ್ಲಿ ಸೋಲುತ್ತದೆ.

ಭಾರತದ ಕಾನೂನು

ಭಾರತದಲ್ಲಿ ಚಲನಚಿತ್ರಗಳಿಗೆ ವಯೋಮಾನದ ಪ್ರಮಾಣಪತ್ರವಿದೆ. 2023ರ ತಿದ್ದುಪಡಿಯ ಮೂಲಕ 7+, 13+ ಮತ್ತು 16+ ಎಂಬ ಉಪವರ್ಗಗಳು ಬಂದಿವೆ. ಪುಸ್ತಕಗಳಿಗೆ ಇಂಥ ಯಾವ ಅಧಿಕೃತ ವರ್ಗೀಕರಣವೂ ಇಲ್ಲ. ಅನ್ವಯವಾಗುವುದು ಅಶ್ಲೀಲತೆಯ ಸಾಮಾನ್ಯ ಕಾನೂನು. ಭಾರತೀಯ ದಂಡ ಸಂಹಿತೆಯ 293ನೆಯ ಕಲಮು 20 ವರ್ಷದೊಳಗಿನವರಿಗೆ ಅಶ್ಲೀಲ ವಸ್ತು ಮಾರುವುದನ್ನು ಅಪರಾಧವೆಂದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 295ನೆಯ ಕಲಮು ಅದರ ಸ್ಥಾನದಲ್ಲಿ 'ಮಗು' ಎಂಬ ಪದವನ್ನು, ಅಂದರೆ 18 ವರ್ಷದೊಳಗಿನವರನ್ನು ಇಟ್ಟಿದೆ. ಸಾಹಿತ್ಯ, ಕಲೆ, ವಿಜ್ಞಾನ, ವಿದ್ಯೆಗಳ ಹಿತಕ್ಕಾಗಿ ಎಂದು ಸಾಬೀತಾದ ಕೃತಿಗಳಿಗೆ ಅಶ್ಲೀಲತೆಯ ಕಲಮಿನಲ್ಲಿ ವಿನಾಯಿತಿ ಹಿಂದೆಯೂ ಇತ್ತು, ಈಗಲೂ ಇದೆ.

ಹಿಂಸೆಯ ಬಗ್ಗೆ ಬೇರೆಯೇ ಕಾಯ್ದೆ ಬಂದಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಭೀಕರ ಚಿತ್ರಕಥೆಗಳ ವಿರುದ್ಧ ಎದ್ದ ಗದ್ದಲದ ಹಿನ್ನೆಲೆಯಲ್ಲಿ ಸಂಸತ್ತು 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆಯನ್ನು ಅಂಗೀಕರಿಸಿತು. ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಜುಗುಪ್ಸೆಯ ಘಟನೆಗಳನ್ನು ಮುಖ್ಯವಾಗಿ ಚಿತ್ರಿಸಿ, ಒಟ್ಟಾರೆಯಾಗಿ 20 ವರ್ಷದೊಳಗಿನ ಓದುಗನನ್ನು ಕೆಡಿಸುವಂತಿರುವ ಪ್ರಕಟಣೆಗೆ ಅದು ಅನ್ವಯಿಸುತ್ತಿತ್ತು. 'ಒಟ್ಟಾರೆಯಾಗಿ' ಎಂಬ ಮಾತು ಇಲ್ಲಿ ಮುಖ್ಯ. ಬಿಡಿ ಪುಟವೊಂದನ್ನು ಕಿತ್ತು ತೀರ್ಪು ಕೊಡಲು ಆ ವ್ಯಾಖ್ಯೆ ಅವಕಾಶ ಕೊಡುವುದಿಲ್ಲ. ಬಂಗಾಳಿ ಲೇಖಕ ಸಮರೇಶ್ ಬಸು ಅವರ 'ಪ್ರಜಾಪತಿ' ಕಾದಂಬರಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಇದೇ ದಾರಿಯಲ್ಲಿ ನಡೆಯಿತು: ನ್ಯಾಯಾಧೀಶರು ಮೊದಲು ಲೇಖಕನ ಸ್ಥಾನದಲ್ಲಿ, ಆಮೇಲೆ ಆ ಪುಸ್ತಕ ಕೈಸೇರಬಹುದಾದ ಪ್ರತಿ ವಯೋಮಾನದ ಓದುಗನ ಸ್ಥಾನದಲ್ಲಿ ನಿಂತು ನೋಡಬೇಕೆಂದು ಹೇಳಿ ಲೇಖಕರನ್ನು ಖುಲಾಸೆಗೊಳಿಸಿತು. ಅದು ವೈಜ್ಞಾನಿಕ ಕಾದಂಬರಿಯಲ್ಲದಿದ್ದರೂ ಎಳೆಯ ಓದುಗರ ಪ್ರಶ್ನೆ ಬಂದಾಗ ಉಪಯುಕ್ತವಾದ ತೀರ್ಪು.

ಕನ್ನಡದಲ್ಲಿ

ಕನ್ನಡದಲ್ಲಿ ಹದಿಹರೆಯದವರ ವೈಜ್ಞಾನಿಕ ಕಾದಂಬರಿ ಒಂದು ಪ್ರತ್ಯೇಕ ಪ್ರಕಾರವಾಗಿ ಇನ್ನೂ ಬೇರೂರಿಲ್ಲ. ಒಂದು ಕಡೆ ಶಿಶುಸಾಹಿತ್ಯ, ಇನ್ನೊಂದು ಕಡೆ ಹಿರಿಯರ ಕಾದಂಬರಿ. ಪ್ರೌಢಶಾಲೆಯ ಓದುಗ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುತ್ತಾನೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರವೂ 9ರಿಂದ 16 ವರ್ಷದ ಓದುಗರನ್ನು ಒಂದೇ ಗುಂಪಾಗಿ ಪರಿಗಣಿಸುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಥೆಗಳಿಗೆ ಗಟ್ಟಿ ನೆಲೆ ಒದಗಿಸಿದವರಲ್ಲಿ 'ಮನ್ವಂತರ', 'ಆಪರೇಷನ್ ಯು.ಎಫ್.ಓ.' ಕೃತಿಗಳ ರಾಜಶೇಖರ ಭೂಸನೂರಮಠರು ಪ್ರಮುಖರು. ಕನ್ನಡದ ವಿಜ್ಞಾನ ಕಥೆ ಬಹುಮಟ್ಟಿಗೆ ಬೆಳೆದದ್ದು ಮನೆಮಂದಿಯೆಲ್ಲ ಓದುವ ವಾರಪತ್ರಿಕೆ, ಮಾಸಪತ್ರಿಕೆಗಳ ಪುಟಗಳಲ್ಲಿ. ಅಜ್ಜಿಯೂ ಮೊಮ್ಮಗಳೂ ಒಂದೇ ಸಂಚಿಕೆಯನ್ನು ಓದುವಲ್ಲಿ ಸಂಪಾದಕನ ಕತ್ತರಿ ಬೇರೆಯಾಗಿ ಬೇಕಾಗಲಿಲ್ಲ, ಲೇಖಕನೇ ಅಳೆದು ಬರೆಯುತ್ತಿದ್ದ. ಕೆ. ಎನ್. ಗಣೇಶಯ್ಯನವರ ವಿಜ್ಞಾನ, ಇತಿಹಾಸಗಳನ್ನು ಬೆಸೆದ ರೋಚಕ ಕಾದಂಬರಿಗಳು ಹಿರಿಯರಿಗಾಗಿ ಬಂದವಾದರೂ ಕಾಲೇಜು ವಿದ್ಯಾರ್ಥಿಗಳ ಮೆಚ್ಚುಗೆಗೂ ಪಾತ್ರವಾಗಿವೆ.

ಈ ಚರ್ಚೆಗೆ ಹೆಚ್ಚು ಬೆಳಕು ಚೆಲ್ಲುವುದು ಪೂರ್ಣಚಂದ್ರ ತೇಜಸ್ವಿಯವರ ಓದುಗ ವಲಯ. 'ಕರ್ವಾಲೊ' (1980) ಕಟ್ಟುನಿಟ್ಟಾದ ಅರ್ಥದಲ್ಲಿ ವೈಜ್ಞಾನಿಕ ಕಾದಂಬರಿಯೂ ಅಲ್ಲ, ಹದಿಹರೆಯದವರಿಗೆಂದು ಬರೆದದ್ದೂ ಅಲ್ಲ. ಆದರೆ ಕೋಟ್ಯಂತರ ವರ್ಷಗಳ ಹಿಂದಿನ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಯ ಈ ಕಥೆ ಕನ್ನಡದ ಎರಡು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ವಿಜ್ಞಾನದ ಬೆರಗನ್ನು ಹಚ್ಚಿದ ಪುಸ್ತಕ. ಅದರಲ್ಲಿ ಕಳ್ಳಭಟ್ಟಿಯಿದೆ, ಪೊಲೀಸ್ ಕೇಸಿದೆ, ಮಂದಣ್ಣನ ಮದುವೆಯ ಪರದಾಟವಿದೆ. ಇವನ್ನು ಯಾರೂ ಎಳೆಯರಿಗೆ ಹಾನಿಕರವೆಂದು ಎಣಿಸಲಿಲ್ಲ, ಏಕೆಂದರೆ ಅವು ಮಲೆನಾಡಿನ ಬದುಕಿನ ಭಾಗವಾಗಿಯೇ ಬರುತ್ತವೆ. ಕೆನೆತ್ ಆಂಡರ್ಸನ್‌ರ ಬೇಟೆಯ ಅನುಭವಗಳನ್ನು ಅವರು 'ಕಾಡಿನ ಕಥೆಗಳು' ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ನರಭಕ್ಷಕಗಳು ತಿಂದುಳಿಸಿದ ದೇಹಗಳ ವಿವರ ಅಲ್ಲಿ ಧಾರಾಳವಾಗಿದ್ದರೂ, ಈ ಮಾಲಿಕೆ ಶಾಲೆಯ ಹುಡುಗರ ಅಚ್ಚುಮೆಚ್ಚಿನದಾಯಿತು.

ಎಳೆಯರಿಗೆ ಸಾವಿನ ಕಥೆ ಹೇಳುವುದು ಕನ್ನಡಕ್ಕೆ ಹೊಸದೂ ಅಲ್ಲ. ಗೋವಿನ ಹಾಡಿನಲ್ಲಿ ಪ್ರಾಥಮಿಕ ಶಾಲೆಯ ಮಗು ತಬ್ಬಲಿಯಾಗಲಿರುವ ಕರುವನ್ನೂ, ಕೊನೆಗೆ ಪ್ರಾಣ ಬಿಡುವ ಹುಲಿಯನ್ನೂ ಕಾಣುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಹಿರಿಯರು ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಊರಿನ ಮಕ್ಕಳು ಬೆಲೆ ತೆರುತ್ತಾರೆ. ಹಿರಿಯರ ಅನ್ಯಾಯಕ್ಕೆ ಮಕ್ಕಳು ಬಲಿಯಾಗುವುದು 'ದಿ ಹಂಗರ್ ಗೇಮ್ಸ್'ನ ತಿರುಳೂ ಹೌದು.

ಕನ್ನಡ ಸಮಾಜ ನಿಜವಾಗಿ ಮುಜುಗರಪಡುವುದು ದೇಹ ಮತ್ತು ಲೈಂಗಿಕತೆಯ ವಿಷಯದಲ್ಲಿ. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆದವು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಅದಕ್ಕೆ ಎಷ್ಟೋ ಮೊದಲೇ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ಈ ವಿಷಯಗಳನ್ನು ತಿಳಿಗನ್ನಡದಲ್ಲಿ ಬರೆದಿದ್ದರು. ಆದರೆ ಅವು ಮದುವೆಯಾಗುವವರಿಗಾಗಿ. ಹದಿನಾಲ್ಕರ ಹುಡುಗಿಗೆ ತನ್ನ ದೇಹದ ಬಗ್ಗೆ ಕನ್ನಡದಲ್ಲಿ ಹೇಳುವ ಕಥೆ ಸಿಗುವುದು ಕಷ್ಟ, ಹಾಗಾಗಿ ಆಕೆ ಅದನ್ನು ಇಂಗ್ಲಿಷಿನಲ್ಲಿಯೋ ಮೊಬೈಲಿನಲ್ಲಿಯೋ ಹುಡುಕುತ್ತಾಳೆ.

ಅನುವಾದದ ತೊಡಕು

ಇಂಥ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಎದುರಿಸುವ ಮೊದಲ ಅಡ್ಡಿ ಶಬ್ದಗಳದ್ದು. ದೇಹಕ್ಕೆ ಸಂಬಂಧಿಸಿದ ವಿಷಯಗಳಿಗೆ ಕನ್ನಡದಲ್ಲಿ ಸಂಸ್ಕೃತದ ಗ್ರಾಂಥಿಕ ಪದಗಳಿವೆ, ಜಗಳದಲ್ಲಿ ಬಳಸುವ ಒರಟು ಪದಗಳಿವೆ. ಇವೆರಡರ ನಡುವೆ, ತಾಯಿ ಮಗಳ ಜೊತೆ, ಗೆಳೆಯ ಗೆಳೆಯನ ಜೊತೆ ಸಹಜವಾಗಿ ಆಡಬಹುದಾದ ಪದಗಳು ಕಡಿಮೆ. ಗ್ರಾಂಥಿಕ ಪದ ಹಾಕಿದರೆ ಹದಿನೈದರ ಪಾತ್ರ ಜೀವಶಾಸ್ತ್ರದ ಪಠ್ಯದಂತೆ ಮಾತನಾಡುತ್ತದೆ. ಒರಟು ಪದ ಹಾಕಿದರೆ ಮೂಲದಲ್ಲಿಲ್ಲದ ಅಶ್ಲೀಲತೆ ಬರುತ್ತದೆ. 'ಮುಟ್ಟು', 'ಹೊರಗೆ ಕೂರುವುದು', 'ಮೈನೆರೆಯುವುದು' ಮುಂತಾದ ಮನೆಮಾತುಗಳು ಕೆಲವು ಕಡೆ ಕೈಹಿಡಿಯುತ್ತವೆ, ಆದರೆ ಅವುಗಳ ಹಿಂದಿರುವ ಮಡಿ ಮೈಲಿಗೆಯ ನೆರಳು ಭವಿಷ್ಯದ ಕಥೆಯೊಳಕ್ಕೂ ಬಂದುಬಿಡುತ್ತದೆ.

ಸಾವಿನ ವಿಷಯದಲ್ಲಿ ಸ್ಥಿತಿ ತಿರುಗುಮುರುಗು. 'ದಿ ಗಿವರ್'ನ ಸಮುದಾಯ ಕೊಲೆಯನ್ನು ಒಂದು ಮೃದುವಾದ ಮಾತಿನಿಂದ ಮುಚ್ಚುತ್ತದೆ, ಆ ಮುಸುಕು ಹರಿಯುವುದರಲ್ಲೇ ಕಥೆಯ ಆಘಾತವಿದೆ. ಕನ್ನಡದಲ್ಲಿ ಸತ್ತರು ಎಂದು ನೇರವಾಗಿ ಹೇಳುವುದೇ ಅಪರೂಪ: ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು. 'ಬಿಡುಗಡೆ' ಎಂಬ ಪದಕ್ಕೆ ಮುಕ್ತಿಯ ಅರ್ಥವೂ ಇರುವುದರಿಂದ ಕನ್ನಡದ ಓದುಗ ಮೊದಲ ಅಧ್ಯಾಯದಲ್ಲೇ ಗುಟ್ಟನ್ನು ಊಹಿಸಿಬಿಡುವ ಸಂಭವವಿದೆ. ಅನುವಾದಕನು ಬೇರೆ ಪದ ಹುಡುಕಬೇಕಾಗುತ್ತದೆ. 'ರವಾನೆ'ಯಂತಹ ಕಚೇರಿಯ ಶುಷ್ಕ ಪದ ಇಲ್ಲಿ ಹೆಚ್ಚು ಹೊಂದೀತು.

ಶಾಲೆ ಮತ್ತು ಗ್ರಂಥಾಲಯ

ವಯೋಮಾನದ ವರ್ಗೀಕರಣವಿಲ್ಲದ ಕಾರಣ ಯಾವ ಪುಸ್ತಕ ಯಾರ ಕೈಗೆ ಹೋಗಬೇಕೆಂಬ ತೀರ್ಮಾನ ಕರ್ನಾಟಕದಲ್ಲಿ ಶಾಲೆಯ ಶಿಕ್ಷಕರಿಗೆ ಮತ್ತು ಗ್ರಂಥಾಲಯದ ಮೇಲ್ವಿಚಾರಕರಿಗೆ ಬಿಟ್ಟದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಈ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ'ಗಳೆಂದು ಕರೆಯಲಾಗುತ್ತಿದೆ. ಕೊಡಗಿನ ಪೊನ್ನಂಪೇಟೆಯಂಥ ಸಣ್ಣ ಪಟ್ಟಣ ಹಾಗೂ ಅದರ ಸುತ್ತಲಿನ ತೋಟದ ಊರುಗಳಲ್ಲಿ, ಪುಸ್ತಕ ಕೊಳ್ಳಲು ಮೈಸೂರಿನವರೆಗೆ ಹೋಗಲಾರದ ವಿದ್ಯಾರ್ಥಿಗೆ ಇಂಥ ಗ್ರಂಥಾಲಯವೂ ಶಾಲೆಯ ಅಲಮಾರುವೂ ಮುಖ್ಯ ಆಸರೆ. ಆರರ ಮಗುವೂ ಹದಿನೆಂಟರ ಯುವಕನೂ ಒಂದೇ ಕೋಣೆಗೆ ಬರುವಲ್ಲಿ, ಎಲ್ಲರಿಗೂ ಸಲ್ಲುವ ಪುಸ್ತಕಗಳನ್ನಷ್ಟೇ ಇಡುವುದು ಸುಲಭದ ದಾರಿ. ಅದರ ನಷ್ಟ ಹದಿನಾರರ ಓದುಗನದು.

ಬೇರೆ ದೇಶಗಳ ಗ್ರಂಥಪಾಲಕರು ಕಂಡುಕೊಂಡ ಕೆಲವು ಕ್ರಮಗಳು ಇಲ್ಲಿಯೂ ಸಾಧ್ಯ. 12ರಿಂದ 14 ಮತ್ತು 15ರಿಂದ 18ರ ಓದುಗರಿಗೆ ಬೇರೆ ಬೇರೆ ಸಾಲು ಮಾಡುವುದು ಒಂದು. ಪುಸ್ತಕದ ಒಳಹೊದಿಕೆಯಲ್ಲಿ 'ಯುದ್ಧ ಮತ್ತು ಸಾವಿನ ಪ್ರಸಂಗಗಳಿವೆ' ಎಂಬಂತಹ ಒಂದು ಸಾಲಿನ ಸೂಚನೆ ಅಂಟಿಸುವುದು ಇನ್ನೊಂದು. ಇಂಥ ಸೂಚನೆಯೇ ಕುತೂಹಲ ಕೆರಳಿಸುತ್ತದೆ ಎಂಬ ದೂರೂ ಇದೆ, ಅದು ಪೂರ್ತಿ ಸುಳ್ಳಲ್ಲ. ಪೋಷಕರು ದೂರು ಕೊಟ್ಟಾಗ ಪುಸ್ತಕವನ್ನು ಪೂರ್ತಿ ಓದಿದವರ ಸಣ್ಣ ಸಮಿತಿಯೊಂದು ತೀರ್ಮಾನಿಸುವವರೆಗೆ ಅದನ್ನು ಕಪಾಟಿನಿಂದ ತೆಗೆಯದಿರುವುದು, ತಮ್ಮ ಮಗುವಿಗೆ ಆ ಪುಸ್ತಕ ಬೇಡವೆನ್ನುವ ಹಕ್ಕನ್ನು ಪೋಷಕರಿಗೆ ಉಳಿಸಿ, ಊರಿನ ಎಲ್ಲ ಮಕ್ಕಳಿಗೂ ಬೇಡವೆನ್ನುವ ಹಕ್ಕನ್ನು ಕೊಡದಿರುವುದು ಅಮೆರಿಕದ ಗ್ರಂಥಾಲಯಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿ.